ಹತ್ತು ಇಪ್ಪತ್ತೆರಡರ ಚೀಟಿ

ಸೂಪರ್ ಮಾರ್ಕೆಟ್ಟಿನ ಸಾಲಿನಲ್ಲಿ ನನ್ನ ಮುಂದಿದ್ದ ಬೋಳುತಲೆಯವನು ಗಿಫ್ಟ್ ಕಾರ್ಡಿಗೆ ದುಡ್ಡು ಕೊಟ್ಟು, ಅದಕ್ಕೆ ಪಿನ್ ಹೊಡೆದಿದ್ದ ಚೀಟಿಯನ್ನು ಒಮ್ಮೆ ಓದಿ ಜೇಬಿಗಿಳಿಸಿದ. ಅವನ ಭುಜದ ಮೇಲಿಂದ ನಾನೂ ಓದಿದೆ. ಬೆಳಿಗ್ಗೆ ಹತ್ತು ಮೂವತ್ತೊಂದು ಎಂದಿತ್ತು.

ಕೌಂಟರಿನ ಮೇಲಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಗಡಿಯಾರ ಸರಿಯಾಗಿಯೇ ಓಡುತ್ತಿತ್ತು.

"ಮುಂದೆ ಬನ್ನಿ ಮೇಡಂ," ಎಂದಳು ಕ್ಯಾಷಿಯರ್.

"ಮೊದಲು ಇವ್ರಿಗೆ ಕೊಡಿ. ನಾನಿನ್ನೂ ಯೋಚನೆ ಮಾಡ್ತಿದ್ದೀನಿ," ಎಂದು ಹಿಂದಿದ್ದ ಹೆಂಗಸಿಗೆ ದಾರಿ ಬಿಟ್ಟೆ.

ಆ ಹೆಂಗಸು ಒಂದು ಕಾರ್ಡ್ ಕೇಳಿದಳು. ಕ್ಯಾಷಿಯರ್ ಯಂತ್ರದ ಕಡೆ ತಿರುಗಲೇ ಇಲ್ಲ. ಮಂಡಿಯ ಹತ್ತಿರದ ಡ್ರಾಯರ್ ಎಳೆದು, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟಿನ ಮೇಲಿಂದ ಒಂದು ಕಾರ್ಡ್ ತೆಗೆದುಕೊಟ್ಟಳು. ಅದಕ್ಕೂ ಚೀಟಿಯನ್ನು ಮೊದಲೇ ಪಿನ್ ಹೊಡೆದಿಟ್ಟಿತ್ತು. ನಾಚಿಕೆ ಬಿಟ್ಟು ಕತ್ತು ಚಾಚಿ ನೋಡಿದೆ. ಹತ್ತು ಮೂವತ್ತು.

ಚೀಟಿಯ ವೇಳೆಗೂ ಕೊಂಡ ವೇಳೆಗೂ ಸಂಬಂಧವೇ ಇರಲಿಲ್ಲ.

ಹಿಂದಿನ ಶುಕ್ರವಾರ ಬೆಳಿಗ್ಗೆ ಹತ್ತೂಕಾಲು ಹತ್ತೂವರೆಯ ನಡುವೆ ಬೈಂಡಿಂಗ್ ಅಂಗಡಿಯ ಯಜಮಾನನನ್ನು ಯಾರೋ ಮೆಟ್ಟಿಲಿನಿಂದ ನೂಕಿ ಕೊಂದಿದ್ದರು. ಅದೇ ಹೊತ್ತಿಗೆ ಅವನ ಕೆಲಸದವಳಾದ ನನ್ನ ತಂಗಿ ಈ ಕೌಂಟರಿನ ಮುಂದಿದ್ದಳು ಎನ್ನಲು ನಮ್ಮ ಕೈಯಲ್ಲಿದ್ದದ್ದು ಹತ್ತು ಇಪ್ಪತ್ತೆರಡರ ಒಂದು ಚೀಟಿ.

ಗಿಫ್ಟ್ ಕಾರ್ಡಿಗೆ ದುಡ್ಡು ತುಂಬಿದ ಕ್ಷಣವೇ ಯಂತ್ರ ಈ ಚೀಟಿಯನ್ನು ಉಗುಳುತ್ತದೆ. ಕಾರ್ಡಿನ ಸಂಖ್ಯೆ, ದಿನಾಂಕ, ವೇಳೆ. ಕೊಳ್ಳುವವರ ಕಣ್ಣೆದುರೇ ತುಂಬಬೇಕು ಎನ್ನುವುದು ಎಲ್ಲ ಅಂಗಡಿಗಳ ನಿಯಮ. ಆ ನಿಯಮವನ್ನು ನಂಬಿ ನಾನು ಎಂಟು ದಿನ ಕುಣಿದಾಡಿದ್ದೆ. ಅದನ್ನು ಇಲ್ಲಿ ಯಾರೂ ಪಾಲಿಸುವುದಿಲ್ಲ ಎಂದು ತಿಳಿಯಲು ಎರಡು ನಿಮಿಷ ಸಾಲಿನಲ್ಲಿ ನಿಂತಿದ್ದರೆ ಸಾಕಿತ್ತು.

ಕೌಂಟರಿನ ಕ್ಯಾಮೆರಾ ಏಳು ದಿನದ ಚಿತ್ರವನ್ನಷ್ಟೇ ಇಟ್ಟುಕೊಳ್ಳುತ್ತದೆ. ಪೊಲೀಸರು ಕೇಳಿದ್ದು ಇವತ್ತು, ಎಂಟನೆಯ ದಿನ. ಹಾಗಾಗಿ ಕ್ಯಾಷಿಯರಿನ ಬಾಯಿಮಾತೊಂದೇ ಉಳಿದಿತ್ತು. ಅದನ್ನು ಕೇಳಿ ಬರಲು ಇನ್‌ಸ್ಪೆಕ್ಟರ್ ನನ್ನನ್ನೇ ಕಳಿಸಿದ್ದ. ಆರೋಪಿಯ ಅಕ್ಕನನ್ನು ಸಾಕ್ಷಿಯ ಹತ್ತಿರ ಕಳಿಸಬಾರದು ಎಂದು ಅವನಿಗೂ ಗೊತ್ತು, ಅವನಿಗೆ ಅದನ್ನು ಕಲಿಸಿದ ನನಗೂ ಗೊತ್ತು. ಆದರೆ ವರ್ಷದ ಕೊನೆಯ ರಜೆಗೆ ಅರ್ಧ ಠಾಣೆ ಖಾಲಿಯಾಗಿತ್ತು. ನಾಲ್ಕು ಗಂಟೆಗೆ ನ್ಯಾಯಾಲಯವೂ ಬಾಗಿಲು ಹಾಕುತ್ತಿತ್ತು. ಅಷ್ಟರೊಳಗೆ ತಂಗಿಯನ್ನು ಬಿಡಿಸದಿದ್ದರೆ ಅವಳು ಇನ್ನು ಹತ್ತು ದಿನ ಒಳಗೇ ಕೊಳೆಯಬೇಕು, ಕೊಲೆಗಾರ್ತಿಯೆಂಬ ಹಣೆಪಟ್ಟಿ ಹೊತ್ತು.

"ಮೇಡಂ, ಈಗಲಾದ್ರೂ ಹೇಳ್ತೀರಾ, ಏನು ಬೇಕು?"

"ಐದು ನಿಮಿಷ ಮಾತಾಡ್ಬೇಕು."

"ಈಗಲಾ? ಸಾಲು ನೋಡಿದ್ರಾ?"

"ನಿಮ್ಮ ಮ್ಯಾನೇಜರ್ ಮುಂದೆ ಮಾತಾಡೋದಾದ್ರೂ ನಂಗೆ ಪರವಾಗಿಲ್ಲ. ಆ ಡ್ರಾಯರ್ ವಿಷಯ."

ಅವಳ ಮುಖ ಬಿಳಿಚಿಕೊಂಡಿತು. ಪಕ್ಕದ ಕೌಂಟರಿನವಳಿಗೆ ಏನೋ ಹೇಳಿ, 'ಮುಚ್ಚಿದೆ' ಎಂಬ ಫಲಕ ಇಟ್ಟು ಹೊರಗೆ ಬಂದಳು. ಸಾಲಿನಲ್ಲಿದ್ದವರು ನನ್ನನ್ನು ಬಾಯಿಗೆ ಬಂದಂತೆ ಬೈದರು. ಬೈಯಲಿ ಎಂದುಕೊಂಡೆ.

ಗಿಫ್ಟ್ ಕಾರ್ಡ್ ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಇಲಾಖೆಯಲ್ಲಿದ್ದ ಕೊನೆಯ ಆರು ವರ್ಷ ವಂಚನೆ ವಿಭಾಗದಲ್ಲೇ ಕೂತಿದ್ದೆ. ರಜೆ ಬಂತೆಂದರೆ ದೂರಿನ ಮೇಲೆ ದೂರು. ನಮ್ಮ ಬಂಧುಬಳಗಕ್ಕೆಲ್ಲ ಬುದ್ಧಿ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಎದುರಿಗೇ ದುಡ್ಡು ತುಂಬಿಸಿ. ಚೀಟಿಯನ್ನು ಕಾರ್ಡಿನ ಜೊತೆಗೇ ಕೊಡಿ. ಹಿಂದೆ ಗುಪ್ತಸಂಖ್ಯೆ ಮುಚ್ಚಿರುವ ಬೆಳ್ಳಿಪಟ್ಟಿಯನ್ನು ಯಾರಾದರೂ ಕೆರೆದಿದ್ದಾರಾ ನೋಡಿ. ಗಡುವು ಓದಿ. ನಿಮಗೆ ಬಂದದ್ದನ್ನು ಅದೇ ವಾರ ಖರ್ಚು ಮಾಡಿ, ಪರ್ಸಿನಲ್ಲಿಟ್ಟು ಪೂಜೆ ಮಾಡಬೇಡಿ. ಎಲ್ಲಕ್ಕಿಂತ ಮುಖ್ಯ, ಕೈಗೆ ಮೊದಲು ಸಿಗುವ ಕಾರ್ಡನ್ನು ತೆಗೆದುಕೊಳ್ಳಬೇಡಿ. ಕಳ್ಳರು ಕೈಯಾಡಿಸುವುದು ಮೇಲಿನದಕ್ಕೇ, ಅಡಿಯಿಂದ ಒಂದನ್ನು ಎಳೆದುಕೊಳ್ಳಿ. ನನ್ನ ಮಾತು ಕೇಳಿ ಎಲ್ಲರೂ ಆಕಳಿಸುತ್ತಿದ್ದರು. ತಂಗಿಯೊಬ್ಬಳು ಮಾತ್ರ ತಲೆಯಾಡಿಸುತ್ತಿದ್ದಳು.

ಈ ಕೊಲೆಯ ಬುಡದಲ್ಲೂ ಒಂದು ಕಾರ್ಡೇ ಇತ್ತು. ಯಜಮಾನ ಪ್ರತಿ ವರ್ಷ ರಜೆಗೆ ಮುಂಚೆ ಕೆಲಸಗಾರರಿಗೆ ಒಂದೊಂದು ಲಕೋಟೆ ಹಂಚುತ್ತಿದ್ದ. ಒಳಗೆ ಗಿಫ್ಟ್ ಕಾರ್ಡ್. ಅವನು ಅದನ್ನು ಕೊಳ್ಳುತ್ತಿರಲಿಲ್ಲ. ಗಿರಾಕಿಗಳು ತನಗೆ ಕೊಟ್ಟದ್ದನ್ನೇ ಮುಕ್ಕಾಲು ಪಾಲು ತಾನು ಉಪಯೋಗಿಸಿ, ಉಳಿದ ಚೂರುಪಾರನ್ನು ಹೊಸ ಲಕೋಟೆಗೆ ಹಾಕಿ ಮುಗುಳ್ನಗುತ್ತಾ ಕೊಡುತ್ತಿದ್ದ. ದಾನಶೂರ!

ಈ ವರ್ಷ ತಂಗಿಗೆ ಸಿಕ್ಕಿದ್ದು ಪೂರ್ತಿ ಖಾಲಿ ಕಾರ್ಡ್. ಅದು ಗೊತ್ತಿಲ್ಲದೆ ಅವಳು ಗುರುವಾರ ಸಂಜೆ ಮಗಳನ್ನು ಕರೆದುಕೊಂಡು ಶೂ ಅಂಗಡಿಗೆ ಹೋದಳು. ಹುಡುಗಿ ಹೊಸ ಶೂ ಹಾಕಿಕೊಂಡೇ ಬಿಲ್ ಮಾಡುವಲ್ಲಿಗೆ ಓಡಿದ್ದಳಂತೆ. ಕಾರ್ಡಿನಲ್ಲಿ ಬಿಡಿಗಾಸಿಲ್ಲ ಎಂದಾಗ ಇಪ್ಪತ್ತು ಜನರ ಎದುರು ಸ್ಟೂಲಿನ ಮೇಲೆ ಕೂತು ಬಿಚ್ಚಿಕೊಡಬೇಕಾಯಿತು. ಅಳಲಿಲ್ಲವಂತೆ. ಅಳದಿದ್ದದ್ದೇ ತಂಗಿಗೆ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಯಜಮಾನನ ಮುಂದೆ ನಿಂತು ಕೂಗಿದ್ದನ್ನು ಇಡೀ ಬೈಂಡಿಂಗ್ ಅಂಗಡಿ ಕೇಳಿಸಿಕೊಂಡಿತು. ಒಂದು ಗಂಟೆಯ ನಂತರ ಅವನು ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಶರ್ಟಿನ ಎದೆಯ ಮೇಲೆ ಒದ್ದೆ ಅಂಟಿನ ಎರಡು ಅಂಗೈ ಗುರುತು, ಯಾರದೆಂದು ತಿಳಿಯದಷ್ಟು ಕಲಸಿಹೋಗಿತ್ತು. ರಟ್ಟು ಅಂಟಿಸುವ ಅಂಟು. ಆ ಬೆಳಿಗ್ಗೆ ಆ ಅಂಟಿನಲ್ಲಿ ಕೈಯಿಟ್ಟವರು ಇಬ್ಬರೇ. ಪುಟ ಹೊಲಿದು ರಟ್ಟು ಕಟ್ಟುವ ನನ್ನ ತಂಗಿ. ಇನ್ನೊಬ್ಬ ಅಂಟು ಕಲಸಿಕೊಟ್ಟ ಕಟಿಂಗ್ ತಾತ, ಕಾಗದ ಕತ್ತರಿಸುವ ಯಂತ್ರದ ಹತ್ತಿರ ನಲವತ್ತು ವರ್ಷ ನಿಂತು ಎರಡೂ ಕಿವಿ ಮಂದವಾಗಿದ್ದ ಮುದುಕ. ಯಜಮಾನ ಅವನನ್ನು ರಜೆ ಕಳೆದ ಮೇಲೆ ಬರಬೇಡ ಎಂದಿದ್ದ.

ಉಳಿದವರೆಲ್ಲ ಮಹಡಿಯ ಮೇಲೆ ಒಟ್ಟಿಗೇ ಇದ್ದರು. ಅಂದರೆ ಲೆಕ್ಕ ಸುಲಭ. ಇವಳಲ್ಲವೆಂದರೆ ಅವನು.

ಲಿಫ್ಟಿನ ಹಿಂದೆ, ಖಾಲಿ ಟ್ರಾಲಿಗಳ ನಡುವೆ ಕ್ಯಾಷಿಯರ್ ಕೈಕಟ್ಟಿ ನಿಂತಳು. ಮೂವತ್ತರ ಆಚೀಚಿನವಳು. ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿತ್ತು, ಪಿನ್ ಹೊಡೆದು ಹೊಡೆದು ಚುಚ್ಚಿಸಿಕೊಂಡಿದ್ದಿರಬೇಕು.

"ನೀವು ಪೊಲೀಸಾ?"

"ಇದ್ದೆ. ಈಗ ಅಲ್ಲ. ಹೆದರ್ಬೇಡಿ, ನಿಮ್ಮ ಕೆಲಸ ಕಳೆಯೋಕೆ ಬಂದಿಲ್ಲ. ಆ ಕಾರ್ಡ್‌ಗೆಲ್ಲ ಯಾವಾಗ ದುಡ್ಡು ತುಂಬ್ತೀರಿ?"

ಕೌಂಟರಿನ ಕಡೆ ಒಮ್ಮೆ ತಿರುಗಿ ನೋಡಿದಳು. "ಬಾಗಿಲು ತೆಗೆಯೋದು ಹತ್ತಕ್ಕೆ. ಹನ್ನೊಂದರವರೆಗೂ ಜನ ಕಮ್ಮಿ. ಹತ್ತೂ ಇಪ್ಪತ್ತಕ್ಕೆ ಶುರು ಮಾಡಿ ಮೂವತ್ತು ಕಾರ್ಡ್ ತುಂಬಿಸಿ ಇಟ್ಬಿಡ್ತೀನಿ. ಒಂದೊಂದಕ್ಕೆ ಒಂದು ನಿಮಿಷ ಹಿಡಿಯತ್ತೆ ಮೇಡಂ. ಮಧ್ಯಾಹ್ನ ಈ ಸಾಲು ಇಟ್ಕೊಂಡು ಅದನ್ನ ಮಾಡೋಕೆ ಕೂತ್ರೆ ಜನ ನನ್ನ ಹರಿದು ತಿಂತಾರೆ."

"ಮ್ಯಾನೇಜರ್‌ಗೆ?"

"ಗೊತ್ತಾದ್ರೆ ಅವತ್ತೇ ಮನೆಗೆ. ಬೇಗ ಬೇಗ ಮಾಡು ಅಂತ ಬಯ್ಯೋರೂ ಅವ್ರೇ, ಎದುರಿಗೇ ತುಂಬಿಸು ಅನ್ನೋರೂ ಅವ್ರೇ. ಎರಡೂ ಹೇಗಾಗತ್ತೆ, ನೀವೇ ಹೇಳಿ."

ಫೋನಿನಲ್ಲಿದ್ದ ತಂಗಿಯ ಚಿತ್ರ ತೋರಿಸಿದೆ.

"ಅಯ್ಯೋ, ಪ್ಯಾಕಿಂಗ್ ಅಕ್ಕ!" ಅವಳ ಮುಖ ಅರಳಿತು. "ಹೋದ ವರ್ಷ ರಜೆ ಸಮಯದಲ್ಲಿ ಮೂರು ವಾರ ಸಂಜೆ ಹೊತ್ತು ನಮ್ಮಲ್ಲೇ ಗಿಫ್ಟ್ ಪ್ಯಾಕ್ ಮಾಡ್ತಿದ್ರು. ನನ್ನ ಕೌಂಟರ್ ಪಕ್ಕದ್ದೇ ಮೇಜು. ಎಷ್ಟು ನೀಟಾಗಿ ಕಾಗದ ಮಡಿಸ್ತಿದ್ರು ಗೊತ್ತಾ?"

ಗೊತ್ತು. ಅವಳಿಗೆ ಕಾಗದ ಮಡಿಸಲು ಕಲಿಸಿದವಳೂ ನಾನೇ. ಆದರೆ ಅವಳು ಇಲ್ಲಿ ಕೆಲಸ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಸಂಜೆ ಬೈಂಡಿಂಗ್ ಅಂಗಡಿಯಲ್ಲೇ ಹೆಚ್ಚಿನ ಕೆಲಸವಿದೆ ಎಂದಿದ್ದಳು.

"ಅಂದ್ರೆ ನಿಮ್ಮ ಈ ಕಟ್ಟಿನ ವಿಷಯ ಅವಳಿಗೂ ಗೊತ್ತಿತ್ತು."

"ಪಕ್ಕದಲ್ಲೇ ಇದ್ರಲ್ಲ. ಬೆಳಿಗ್ಗೆ ತುಂಬಿಸಿಟ್ಟ ಕಾರ್ಡಿಂದ ಚೀಟಿ ಕಳಚಿದ್ರೆ ಎಷ್ಟೋ ಸಲ ಅವ್ರೇ ಪಿನ್ ಹೊಡೆದುಕೊಟ್ಟಿದ್ದಾರೆ."

ಇಲ್ಲಿಗೇ ಮಾತು ನಿಲ್ಲಿಸಿ ಹೊರಟುಬಿಡಬಹುದಿತ್ತು. ಬೇರೆಯವರ ಮೊಕದ್ದಮೆಯಾಗಿದ್ದರೆ ಮುಂದಿನ ಪ್ರಶ್ನೆ ನಾಲಿಗೆಯ ತುದಿಗೆ ತಾನಾಗಿ ಬರುತ್ತಿತ್ತು. ಈಗ ಅದನ್ನು ಗಂಟಲಿನಿಂದ ಎಳೆದು ತೆಗೆಯಬೇಕಾಯಿತು.

"ಹೋದ ಶುಕ್ರವಾರ ಅವಳು ಬಂದಾಗ ಗಂಟೆ ಎಷ್ಟು?"

"ಹನ್ನೊಂದು ದಾಟಿತ್ತು."

"ಯೋಚನೆ ಮಾಡಿ ಹೇಳಿ."

"ಯೋಚನೆ ಮಾಡೋದೇನಿದೆ? ಹನ್ನೊಂದಕ್ಕೆ ಸ್ಪೀಕರ್‌ನಲ್ಲಿ ರಿಯಾಯಿತಿ ಕೂಗ್ತಾರೆ. ಜನ ನುಗ್ಗಿದ್ರು. ಆ ಗಲಾಟೆಯಲ್ಲೇ ಅಕ್ಕ ಬಂದ್ರು. ನಿಮ್ಮ ಕೂದಲು ಕೆದರಿದೆ ಅಂತ ನಾನು ನಕ್ಕಿದ್ದೂ ನೆನಪಿದೆ."

"ಮೇಲಿನ ಕಾರ್ಡ್ ಕೊಟ್ರಾ?"

"ಕೊಡೋಕೆ ಹೋದೆ. ಬೇಡ, ಕಟ್ಟಿನ ಅಡೀದು ಕೊಡು ಅಂದ್ರು."

ಟ್ರಾಲಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕ್ಯಾಷಿಯರ್ ಹತ್ತೂ ಇಪ್ಪತ್ತಕ್ಕೆ ತುಂಬಲು ಶುರು ಮಾಡುತ್ತಾಳೆ. ತುಂಬಿದ್ದನ್ನು ಒಂದರ ಮೇಲೊಂದು ಇಡುತ್ತಾಳೆ. ಮೇಲಿನದನ್ನು ಕೊಂಡಿದ್ದರೆ ಚೀಟಿಯಲ್ಲಿ ಹತ್ತೂ ಮುಕ್ಕಾಲೋ ಹತ್ತು ಐವತ್ತೋ ಇರುತ್ತಿತ್ತು. ಯಜಮಾನ ಸತ್ತ ವೇಳೆಗೆ ಕರಾರುವಾಕ್ಕಾಗಿ ಹೊಂದುವ ಚೀಟಿ ಇದ್ದದ್ದು ಅಡಿಯಲ್ಲಿ ಮಾತ್ರ.

"ಅಡೀದು ಯಾಕೆ ಬೇಕು ಅಂದಳು?"

"ಮೇಲಿನದು ತಗೋಬಾರದು ಅಂತ ಅವ್ರ ಅಕ್ಕ ಹೇಳಿದ್ದಾರಂತೆ. ಯಾರೋ ಪೊಲೀಸಂತೆ, ಇಂಥದ್ರಲ್ಲೆಲ್ಲ ತುಂಬಾ ಕಟ್ಟುನಿಟ್ಟಂತೆ." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. "ಮೇಡಂ... ನೀವೇನಾ?"

ಫೋನಿನಲ್ಲಿದ್ದ ತಂಗಿಯ ಚಿತ್ರವನ್ನು ಮುಚ್ಚಿದೆ. ನನ್ನ ಬುದ್ಧಿಮಾತನ್ನು ಪಾಲಿಸಿದಳೋ, ಬಳಸಿಕೊಂಡಳೋ? ಇಪ್ಪತ್ತಾರು ವರ್ಷ ಜನರ ಮುಖ ನೋಡಿ ಸುಳ್ಳು ಹಿಡಿದಿದ್ದೇನೆ. ಹೊತ್ತು ಆಡಿಸಿದ ತಂಗಿಯ ಮುಖ ನೆನೆದರೆ ಏನೂ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಹತ್ತು ಇಪ್ಪತ್ತೆರಡಕ್ಕೆ ಈ ಕೌಂಟರಿನಲ್ಲಿದ್ದೆ ಎಂದು ತಂಗಿ ಯಾವತ್ತೂ ಹೇಳಿರಲಿಲ್ಲ. "ಅಕ್ಕಾ, ನಿಂಗೆ ಕಾರ್ಡ್ ತರೋಕೆ ಹೋಗಿದ್ದೆ," ಎಂದಷ್ಟೇ ಹೇಳಿ ಚೀಟಿಯನ್ನು ಮೇಜಿನ ಮೇಲೆ ಇಟ್ಟಿದ್ದಳು. ವೇಳೆಯನ್ನು ಗಟ್ಟಿಯಾಗಿ ಓದಿದ್ದು ನಾನು. ಇನ್‌ಸ್ಪೆಕ್ಟರಿನ ಮುಂದೆ ಮೇಜು ಕುಟ್ಟಿದ್ದೂ ನಾನು. ಹಿಂದಿನ ಸಂಜೆ ಸ್ವಂತ ಮಗಳ ಕಾಲಿನಿಂದ ಶೂ ಬಿಚ್ಚಿಸಿಕೊಂಡು ಬಂದವಳು, ಮರುದಿನ ಕೈಯಲ್ಲಿದ್ದ ದುಡ್ಡಿನಲ್ಲಿ ಶೂ ಕೊಳ್ಳದೆ ಅಕ್ಕನಿಗೆ ಕಾರ್ಡ್ ಕೊಂಡದ್ದೇಕೆ? ಕೆಲಸಕ್ಕೆ ಸೇರಿದ ಮೊದಲ ವಾರದ ಪೇದೆಯೂ ಕೇಳುವ ಪ್ರಶ್ನೆ ಅದು. ನಾನು ಕೇಳಲಿಲ್ಲ. ತಂಗಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎಂದು ಉಬ್ಬಿಹೋಗಿದ್ದೆ.

"ಮೇಡಂ, ಇದೆಲ್ಲ ಕೋರ್ಟಲ್ಲಿ ಹೇಳ್ಬೇಕಾ?" ಕ್ಯಾಷಿಯರ್ ಅಳುವ ಹಂತದಲ್ಲಿದ್ದಳು. "ನಮ್ಮನೇಲಿ ದುಡಿಯೋಳು ನಾನೊಬ್ಬಳೇ. ಯಾರೂ ಕೇಳದಿದ್ರೆ ನಾನಾಗಿ ಬಾಯಿ ಬಿಡಲ್ಲ. ನನ್ನ ಮಕ್ಕಳಾಣೆ. ಅಕ್ಕ ಒಳ್ಳೆಯವ್ರು. ಏನಾಗಿದೆ ಅವ್ರಿಗೆ?"

"ಏನೂ ಆಗಿಲ್ಲ. ಹೋಗಿ, ನಿಮ್ಮ ಸಾಲು ಕಾಯ್ತಿದೆ."

ಅವಳು ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು. ನಾನು ಆಗಲೇ ಬೇರೆ ಕಡೆ ನೋಡುತ್ತಿದ್ದೆ. ಈ ಜಗತ್ತಿನಲ್ಲಿ ಈಗ ಈ ಸಂಗತಿ ಗೊತ್ತಿದ್ದದ್ದು ಮೂವರಿಗೆ. ಒಬ್ಬಳು ಹೆದರಿ ಬಾಯಿ ಮುಚ್ಚುತ್ತಾಳೆ. ಇನ್ನೊಬ್ಬಳು ಲಾಕಪ್ಪಿನಲ್ಲಿದ್ದಾಳೆ.

ಮೂರನೆಯವಳ ಫೋನು ರಿಂಗಾಯಿತು.

"ಮೇಡಂ, ಮೂರಾಗ್ತಾ ಬಂತು," ಎಂದ ಇನ್‌ಸ್ಪೆಕ್ಟರ್. ನನ್ನ ಕೈಕೆಳಗೆ ಪಳಗಿದವನು. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದರಿಂದ ಇಲಾಖೆಯೆಲ್ಲ ಅವನನ್ನು ಪೆನ್ಸಿಲ್ ಎಂದೇ ಕರೆಯುತ್ತದೆ. "ಕ್ಯಾಷಿಯರ್ ಸಿಕ್ಕಿದ್ರಾ?"

"ಸಿಕ್ಕಿದ್ಳು."

"ಏನಂದ್ರು?"

ಎದುರಿಗೆ ಒಬ್ಬ ಅಪ್ಪ ಮಗನಿಗೆ ಕಾರ್ಡಿನ ಹಿಂಬದಿಯನ್ನು ತೋರಿಸುತ್ತಾ, ಹೇಗೆ ಉಪಯೋಗಿಸಬೇಕು ಎಂದು ವಿವರಿಸುತ್ತಿದ್ದ. ನನಗೆ ಅವನನ್ನು ಕಂಡು ವಿನಾಕಾರಣ ಸಿಟ್ಟು ಬಂತು.

"ಮೇಡಂ? ಕೇಳಿಸ್ತಿದೆಯಾ?"

"ಚೀಟಿ ಸರಿಯಾಗಿದೆ," ಎಂದೆ. "ಹತ್ತು ಇಪ್ಪತ್ತೆರಡಕ್ಕೆ ನನ್ನ ತಂಗಿ ಅವಳ ಮುಂದೇನೇ ನಿಂತಿದ್ಳಂತೆ. ಗುರುತು ಹಿಡಿದ್ಳು."

"ಬರೆದು ಸಹಿ ಮಾಡಿಸ್ಕೊಂಡ್ರಾ?"

"ರಜೆ ಗಲಾಟೆ. ಆಮೇಲೆ ಮಾಡಿಸಿದ್ರಾಯ್ತು."

"ಸರಿ ಬಿಡಿ, ನಿಮ್ಮ ಮಾತಿಗಿಂತ ಸಹಿ ಬೇಕಾ ನಂಗೆ? ಕಾಗದ ಪತ್ರ ರೆಡಿ ಮಾಡಿಸ್ತೀನಿ. ಬನ್ನಿ, ತಂಗಿನ ಕರ್ಕೊಂಡು ಹೋಗಿ." ಅವನ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಇವಳಲ್ಲವೆಂದರೆ ಅವನು. ಈ ಲೆಕ್ಕ ಆ ಕ್ಷಣ ನನಗೆ ಹೊಳೆಯಲಿಲ್ಲ ಎಂದರೆ ಅದು ಇವತ್ತಿನ ಎರಡನೆಯ ಸುಳ್ಳಾಗುತ್ತದೆ. ಹೊಳೆಯಿತು. ಪಕ್ಕಕ್ಕೆ ತಳ್ಳಿ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇವಳು ಹನ್ನೊಂದಕ್ಕೆ ಕಾರ್ಡ್ ಕೊಳ್ಳಲು ಹೋದಳೆಂದ ಮಾತ್ರಕ್ಕೆ ಹತ್ತೂವರೆಗೆ ಕೊಲೆ ಮಾಡಿದಳು ಎಂದರ್ಥವಲ್ಲ. ಎಲ್ಲೋ ಕೂತು ಅತ್ತಿರಬಹುದು. ಮನೆಗೆ ಕರೆದುಕೊಂಡು ಹೋಗಿ, ಎದುರಿಗೆ ಕೂರಿಸಿ ಕೇಳುತ್ತೇನೆ. ನಿಜ ಹೇಳಿದರೆ ಆಮೇಲೆ ನೋಡೋಣ. ತಪ್ಪು ಮಾಡಿದವರ ಮನೆಯವರು ಹೀಗೆಯೇ ಮಾತಾಡುವುದನ್ನು ನಾನು ನೂರಾರು ಸಲ ಕೇಳಿದ್ದೇನೆ. ಮೇಜಿನ ಈಚೆ ಕೂತು ತುಟಿ ಕೊಂಕಿಸಿದ್ದೇನೆ ಕೂಡ.

ಠಾಣೆಯಲ್ಲಿ ಪೆನ್ಸಿಲ್ ಎದ್ದು ನಿಂತು ಕುರ್ಚಿ ಕೊಟ್ಟ. ಮೂರು ಕಡೆ ಸಹಿ ಮಾಡಿದೆ. ತಂಗಿಯನ್ನು ಹೊರಗೆ ಕರೆತಂದರು. ಎಂಟು ದಿನದಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಬಂದವಳೇ ನನ್ನ ಹೆಗಲಿಗೆ ಮುಖ ಒತ್ತಿದಳು. ನನ್ನ ಕೈ ತಾನಾಗಿ ಅವಳ ಬೆನ್ನ ಮೇಲೆ ಹೋಯಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೆಯೇ ಒರಗುತ್ತಿದ್ದಳು. ನನಗೆ ಅಳು ಬಂತು, ಅದರ ಹಿಂದೆಯೇ ಭಯ ಬಂತು.

"ಮಗು ಹೇಗಿದ್ದಾಳೆ ಅಕ್ಕಾ?"

"ಚೆನ್ನಾಗಿದ್ದಾಳೆ. ಶೂ ಕೊಡಿಸಿದ್ದೀನಿ."

ಅವಳು ಹೆಗಲಿನಿಂದ ಮುಖ ಎತ್ತಿದಳು. ಮತ್ತೆ ಏನೂ ಕೇಳಲಿಲ್ಲ. ಹೇಗೆ ಬಿಟ್ಟರು ಎಂದು ಕೇಳಲಿಲ್ಲ. ಯಾರು ಏನು ಹೇಳಿದರು ಎಂದೂ ಕೇಳಲಿಲ್ಲ. ಎಂಟು ದಿನ ಒಳಗಿದ್ದು ಹೊರಬಂದವರು ಮೊದಲು ಕೇಳುವುದೇ ಅದನ್ನು.

ಬಾಗಿಲ ಹತ್ತಿರ ಬರುವಷ್ಟರಲ್ಲಿ ಹೊರಗೆ ಜೀಪು ನಿಂತಿತು. ಇಬ್ಬರು ಪೇದೆಗಳು ಒಬ್ಬ ಮುದುಕನನ್ನು ತೋಳು ಹಿಡಿದು ಇಳಿಸಿದರು. ಕೆಲಸದ ಏಪ್ರನ್ ಇನ್ನೂ ಮೈಮೇಲಿತ್ತು. ಒಂದು ಕಾಲಿನ ಚಪ್ಪಲಿ ಜೀಪಿನಲ್ಲೇ ಉಳಿದು, ಬರಿಗಾಲನ್ನು ಎತ್ತಿ ಎತ್ತಿ ಇಡುತ್ತಿದ್ದ. ಪೇದೆ ಏನು ಹೇಳಿದರೂ ಕಿವಿಯ ಹಿಂದೆ ಕೈಯಿಟ್ಟು, "ಆಂ? ಆಂ?" ಎನ್ನುತ್ತಿದ್ದ.

ಕಟಿಂಗ್ ತಾತ ನನ್ನನ್ನು ಕಂಡ. ಈ ವಾರ ಎರಡು ಸಲ ಅವನ ಯಂತ್ರದ ಪಕ್ಕ ಕೂತು ಅವನೇ ತಂದುಕೊಟ್ಟ ಟೀ ಕುಡಿದಿದ್ದೆ. ಅವನ ಮುಖದ ಗಾಬರಿ ಹಾಗೇ ಇಳಿದುಹೋಯಿತು.

"ಓ, ನೀವಿದ್ದೀರಾ ಅಮ್ಮಾ!" ಕಿವಿ ಕೇಳದವರ ಹಾಗೆ ಇಡೀ ಠಾಣೆಗೆ ಕೇಳುವಂತೆ ಕೂಗಿದ. "ಇವ್ರು ಹೇಳೋದು ನಂಗೊಂದೂ ಅರ್ಥ ಆಗ್ತಿಲ್ಲ. ನೀವು ವಿಚಾರಿಸಿ ನಿಜ ಏನು ಅಂತ ಹೇಳ್ಬಿಡಿ ಇವ್ರಿಗೆ. ನೀವು ಹೇಳಿದ್ರೆ ನಂಬ್ತಾರೆ."

ಬಾಯಿ ತೆರೆದೆ. ಹಿಂದೆ ಪೆನ್ಸಿಲ್ ನಿಂತಿದ್ದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಹನ್ನೆರಡು ನಿಮಿಷವಿತ್ತು.

ತಂಗಿಯ ಬೆರಳುಗಳು ನನ್ನ ತೋಳಿನೊಳಕ್ಕೆ ಇಳಿದವು. ಅವಳು ಮುದುಕನನ್ನು ನೋಡಲಿಲ್ಲ.

"ನಡಿ ಅಕ್ಕಾ," ಎಂದಳು ಮೆಲ್ಲಗೆ. "ಅವ್ನ ಕಡೆ ತಿರುಗಿ ನೋಡ್ಬೇಡ. ನಾನೂ ಅವತ್ತು ಮೆಟ್ಟಿಲ ಕೆಳಗೆ ತಿರುಗಿ ನೋಡ್ಲಿಲ್ಲ."